ಹನ್ನೊಂದು ಕಂಪ್ಯೂಟರಿನ ಒಡತಿ

ಕಳೆದ ಅವರೆಕಾಯಿ ಕಾಲದಲ್ಲಿ ಸುಮಾರು ಮೂರು ವಾರ ನಾನು ನಾಲ್ಕು ಊರುಗಳಲ್ಲಿ ಒಟ್ಟಿಗೇ ದುಡಿದೆ. ಬೆಳಿಗ್ಗೆ ಒಂಬತ್ತೂವರೆಗೆ ಚಿಂತಾಮಣಿಯಲ್ಲಿ ಕೆಲಸಕ್ಕೆ ಕೂರುತ್ತಿದ್ದೆ. ಎರಡು ನಿಮಿಷ ಕಳೆಯುವುದರೊಳಗೆ ಗೌರಿಬಿದನೂರಿನಲ್ಲೂ ಕೂತಿರುತ್ತಿದ್ದೆ. ಹನ್ನೊಂದರ ಹೊತ್ತಿಗೆ ಶಿಡ್ಲಘಟ್ಟದಲ್ಲಿ ಯಾರದೋ ನಾಮಕರಣದ ವಿಡಿಯೊ ನೋಡುತ್ತಿದ್ದೆ. ಊಟದ ಬಿಡುವು ಅಂತ ನನಗಿರಲಿಲ್ಲ, ಯಾಕೆಂದರೆ ಒಂದು ಊರಿನ ನಾನು ಉಣ್ಣಲು ಎದ್ದರೆ ಇನ್ನೊಂದು ಊರಿನ ನಾನು ಕೈ ತೊಳೆದು ವಾಪಸು ಬಂದಿರುತ್ತಿದ್ದೆ. ಇದೆಲ್ಲ ನಡೆಯುವಾಗ ನಿಜವಾದ ನಾನು ಚಿಕ್ಕಬಳ್ಳಾಪುರದ ನಮ್ಮ ಮನೆಯ ಹಿತ್ತಿಲ ಕಟ್ಟೆಯ ಮೇಲೆ ಕೂತು ಅವರೆಕಾಳು ಹಿದುಕುತ್ತಿದ್ದೆ. ಆದರೆ ಅದು ಯಾವ ದಾಖಲೆಯಲ್ಲೂ ಇಲ್ಲ. ಕ್ಲೌಡ್‌ನಲ್ಲಿ ಎಲ್ಲವನ್ನೂ ಬರೆದಿಡುತ್ತಾರಂತೆ, ಅವರೆಕಾಳನ್ನು ಬಿಟ್ಟು.

ನಮ್ಮದು ತರಕಾರಿ ಸಸಿಗಳ ನರ್ಸರಿ. ಮೇಲೂರಿನ ಹತ್ತಿರ ಮಾವನವರ ಜಮೀನಿನಲ್ಲಿ ಒಂದು ಚಪ್ಪರದಿಂದ ಶುರುವಾದದ್ದು, ಈಗ ನಾಲ್ಕೂ ಊರುಗಳಲ್ಲಿ ಹಸಿರು ಬಲೆ ಹೊದ್ದು ನಿಂತಿದೆ. ಕಪ್ಪು ಟ್ರೇಗಳ ಗುಳಿಗಳಿಗೆ ತೆಂಗಿನ ನಾರಿನ ಪುಡಿ ತುಂಬಿ, ಗುಳಿಗೊಂದು ಬೀಜ ಇಟ್ಟು, ಮೊಳೆತು ನಾಲ್ಕೆಲೆ ಬಿಟ್ಟ ಮೇಲೆ ರೈತರಿಗೆ ಕೊಡುವ ಕೆಲಸ. ನೋಡಿಕೊಳ್ಳುವವರು ನನ್ನ ಯಜಮಾನರು, ಜೊತೆಗೆ ಮೈದುನ. ಕಾಗದದ ಮೇಲೆ ನಾನೂ ಒಬ್ಬ ಪಾಲುದಾರಳು. ಪೆನ್ಸಿಲಿನಲ್ಲಿ ಗುರುತು ಹಾಕಿದ ಜಾಗದಲ್ಲಿ, ಕಾನ್ವೆಂಟಿನಲ್ಲಿ ಕಲಿತ ದುಂಡು ಅಕ್ಷರದಲ್ಲಿ ಸಹಿ ಹಾಕುವುದು ನನ್ನ ಪಾಲಿನ ಆಡಳಿತ.

ಇದಲ್ಲದೆ ಮನೆಯಲ್ಲಿ ನನಗೆ ಇನ್ನೊಂದು ಹುದ್ದೆ ಇತ್ತು. ಕೈಗುಣ. ಇಪ್ಪತ್ತೆರಡು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಅತ್ತೆ ಮೊದಲ ಟ್ರೇಯ ಮೊದಲ ಗುಳಿಗೆ ನನ್ನಿಂದ ಬೀಜ ಹಾಕಿಸಿದರು. ಆ ಸಲ ಸಸಿ ಚೆನ್ನಾಗಿ ಬಂತು. ಬೀಜ ಒಳ್ಳೆಯದಿತ್ತು, ಚಳಿ ಹೆಚ್ಚಿರಲಿಲ್ಲ, ನೀರು ಹಾಕುವ ಹೆಂಗಸರು ಒಂದು ದಿನವೂ ತಪ್ಪಿಸಿರಲಿಲ್ಲ. ಇವೆಲ್ಲವನ್ನೂ ಪಕ್ಕಕ್ಕಿಟ್ಟು ಹೆಸರನ್ನು ನನ್ನ ಬಲಗೈಗೆ ಕೊಟ್ಟರು. ಅಲ್ಲಿಂದ ಮುಂದೆ ಹೊಸ ಬೋರ್‌ವೆಲ್ಲಿನ ಸ್ವಿಚ್ಚು, ಹೊಸ ಫ್ರಿಜ್ಜಿನ ಬಾಗಿಲು, ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ, ಎಲ್ಲಕ್ಕೂ ಮೊದಲು ನನ್ನ ಕೈ ತಗಲಬೇಕು. ಕೈಗೆ ಮರ್ಯಾದೆ ಬಹಳ ಇತ್ತು. ಆ ಕೈಯ ಹಿಂದೆ ಇರುವವಳನ್ನು ಯಾವ ಸ್ವಿಚ್ಚು ಬೇಕು, ಯಾವ ಫ್ರಿಜ್ಜು ಬೇಕು ಎಂದು ಕೇಳುವ ಪದ್ಧತಿ ಇರಲಿಲ್ಲ.

ಮೈದುನನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಮುಳಬಾಗಿಲು ಕಡೆಯವಳು. ಕಂಪ್ಯೂಟರ್ ಓದಿದವಳು. ಮದುವೆಯಾಗಿ ಮೂರು ವರ್ಷ. ಅವಳಿಗೆ ಕೈಗುಣ ಇದೆಯೋ ಇಲ್ಲವೋ ಯಾರೂ ನೋಡಿರಲಿಲ್ಲ. ತಲೆ ಇತ್ತು, ಆದರೆ ತಲೆಗುಣ ನೋಡುವ ಶಾಸ್ತ್ರ ನಮ್ಮಲ್ಲಿಲ್ಲ.

ಅವಳ ತಲೆಗೆ ಕೆಲಸ ಸಿಕ್ಕಿದ್ದು ಒಂದು ಹೂಕೋಸಿನಿಂದ. ವಿದುರಾಶ್ವತ್ಥದ ಕಡೆಯ ರೈತರೊಬ್ಬರು ನಮ್ಮಲ್ಲಿ ಎಲೆಕೋಸಿನ ಸಸಿ ಕೊಂಡು ಅರ್ಧ ಎಕರೆಗೆ ನಾಟಿ ಮಾಡಿದ್ದರು. ಎಳೆಯದರಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಬೆಳೆದ ಮೇಲೆ ನೋಡಿದರೆ ಹೊಲದ ತುಂಬ ಹೂಕೋಸು. ಅವರು ಕೂಗಾಡಲಿಲ್ಲ. ಒಂದು ದೊಡ್ಡ ಹೂಕೋಸನ್ನು ಚೀಲದಲ್ಲಿ ತಂದು ನಮ್ಮ ಊಟದ ಮೇಜಿನ ಮೇಲಿಟ್ಟು, ಕೈಕಟ್ಟಿ ನಿಂತು, "ಯಜಮಾನ್ರೇ, ಇದಕ್ಕೇನಂತೀರಾ ನಿಮ್ಮ ಕಡೆ?" ಅಂದರು. ಅತ್ತೆ ತೂಗಿ ನೋಡುವವರಂತೆ ಅದನ್ನು ಎತ್ತಿಕೊಂಡು ಒಳಗೆ ಹೋದರು. ಮಧ್ಯಾಹ್ನ ಅದೇ ಪಲ್ಯವಾಯಿತು.

ಆ ಟ್ರೇಗೆ ಬೀಜ ಹಾಕಿಸಿದವರು ಯಾರು ಎಂದು ಕೇಳಿದರೆ ನಾಲ್ಕೂ ಶಾಖೆಯವರು ಪಕ್ಕದ ಶಾಖೆಯ ಕಡೆ ಬೆರಳು ತೋರಿಸಿದರು. ಆಗ ಓರಗಿತ್ತಿ ಬಾಯಿ ಬಿಟ್ಟಳು. ಟ್ರೇಗೆ ಚೀಟಿ ಅಂಟಿಸಿ, ಯಾವ ಬೀಜ, ಯಾವ ದಿನ, ಹಾಕಿಸಿದವರು ಯಾರು ಎಂದು ಹಿಡಿದಿಡುವ ಒಂದು ಆ್ಯಪ್ ಇದೆ, ಸ್ಟೋರ್‌ನಲ್ಲಿ ಸಿಗುತ್ತದೆ, ನಾಲ್ಕೂ ಊರಿನ ಕಂಪ್ಯೂಟರುಗಳಿಗೆ ಇಲ್ಲಿ ಕೂತೇ ಕಳಿಸಬಹುದು ಎಂದಳು. ನಮ್ಮ ಯಜಮಾನರು ಒಪ್ಪಿದರು. ಹಳೆಯ ಡಬ್ಬಗಳನ್ನು ತೆಗೆದು ಹನ್ನೊಂದು ಹೊಸ ಲ್ಯಾಪ್‌ಟಾಪ್ ತರಿಸಿದರು. ಮನೆಯ ಮುಂಭಾಗದ ಕೋಣೆಯಿಂದ ಕಡಲೆಕಾಯಿ ಮೂಟೆಗಳನ್ನು ಹೊರಗೆ ಹಾಕಿಸಿ ಒಂದು ಮೇಜು ಹಾಕಿಸಿದರು, ತಿರುಗುವ ಕುರ್ಚಿಯೊಂದನ್ನೂ ಕೊಡಿಸಿದರು. ಕುರ್ಚಿಯ ಪ್ಲಾಸ್ಟಿಕ್ ಹೊದಿಕೆಯನ್ನು ಮಾತ್ರ ತೆಗೆಯಲು ಬಿಡಲಿಲ್ಲ.

"ಇರ್ಲಿ ಬಿಡಮ್ಮ, ಮೊದ್ಲು ಕೆಲಸ ಒಂದು ನೆಲೆಗೆ ನಿಲ್ಲಲಿ. ಆಮೇಲೆ ತೆಗೆದ್ರಾಯ್ತು."

ಕೆಲಸ ನೆಲೆಗೆ ನಿಲ್ಲದಿದ್ದರೆ ಕುರ್ಚಿಯನ್ನು ಅಂಗಡಿಗೆ ವಾಪಸು ಕೊಡುವ ಆಲೋಚನೆ ಅದು ಎಂದು ಓರಗಿತ್ತಿಗೂ ನನಗೂ ಅರ್ಥವಾಯಿತು. ಅವಳು ಕೂತರೆ, ಎದ್ದರೆ, ಹೊದಿಕೆ ಚರಚರ ಅನ್ನುತ್ತಿತ್ತು. ಅಡುಗೆಮನೆಗೂ ಕೇಳಿಸುತ್ತಿತ್ತು.

ಆ್ಯಪ್ ಕಳಿಸುವುದೆಂದರೆ ಹೇಗೆ ಎಂದು ಓರಗಿತ್ತಿಯನ್ನು ಒಮ್ಮೆ ಕೇಳಿದೆ. ಕೈಯಲ್ಲಿದ್ದ ಅವರೆಕಾಯಿಯನ್ನು ಕೆಳಗಿಟ್ಟು ಹೇಳಿದಳು.

"ಮಕ್ಕಳಿಗೆ ಹರಳೆಣ್ಣೆ ಕುಡಿಸ್ತೀವಲ್ಲ ಅಕ್ಕ, ಅದು ಒಂದು ದಾರಿ. ಬೇಕಾ ಬೇಡ್ವಾ ಅಂತ ಕೇಳೋ ಹಂಗಿಲ್ಲ, ಕಡ್ಡಾಯ. ಕಂಪ್ಯೂಟರ್ ತಾನೇ ಇಳಿಸ್ಕೊಳ್ಳತ್ತೆ. ಇನ್ನೊಂದು, ಉಪ್ಪಿನಕಾಯಿ ಜಾಡಿನ ಶೆಲ್ಫಲ್ಲಿ ಇಟ್ಟಂಗೆ. ಬೇಕಾದೋರು ತಗೊಂಡು ಹಾಕ್ಕೊಳ್ಳೋದು. ಈ ಟ್ರೇ ಆ್ಯಪ್ ಹರಳೆಣ್ಣೆ."

"ಕುಡಿಸ್ಬೇಕಾದ ಮಗು ಯಾವುದು ಅಂತ ಅದಕ್ಕೆ ಹೇಗೆ ಗೊತ್ತಾಗತ್ತೆ?"

"ಹೆಸರಿಂದ. ಕೆಲಸದೋರ ಹನ್ನೊಂದು ಹೆಸರು ಸೇರಿಸಿ ಒಂದು ಗುಂಪು ಮಾಡಿದೀನಿ. ಯಾರು ತಮ್ಮ ಹೆಸರಲ್ಲಿ ಕಂಪ್ಯೂಟರ್ ಒಳಗೆ ಬರ್ತಾರೋ ಅವರ ಬಾಯಿಗೆ."

ಹನ್ನೊಂದು ಜನಕ್ಕೂ ಅವರವರ ಹೆಸರು, ಗುಟ್ಟಿನ ಪಾಸ್‌ವರ್ಡ್ ಬರೆದು ಹನ್ನೊಂದು ಕವರು ಮಾಡಿ ಗೋಂದು ಹಚ್ಚಿದ್ದಳು. ಪ್ರತಿಯೊಬ್ಬರೂ ತಮ್ಮ ಶಾಖೆಯಲ್ಲಿ, ತಮ್ಮ ಕಂಪ್ಯೂಟರನ್ನು, ತಮ್ಮ ಹೆಸರಿನಲ್ಲೇ ಮೊದಲು ತೆರೆಯಬೇಕು ಎಂದು ಒಂದು ಹಾಳೆಯಲ್ಲಿ ಬರೆದು, ಎರಡು ಸಲ ಅಡಿಗೆರೆ ಎಳೆದು, ಮೇಜಿನ ಮೇಲಿಟ್ಟು, ಇಂಟರ್ನೆಟ್ ಲೈನ್ ಹಾಕಿಸಲು ಮೈದುನನ ಜೊತೆ ಗೌರಿಬಿದನೂರಿಗೆ ಹೋದಳು. ಅದು ಶುಕ್ರವಾರ. ಲ್ಯಾಪ್‌ಟಾಪ್‌ಗಳು ಬಂದದ್ದೂ ಅವತ್ತೇ.

ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅವರವರ ಊರಿಗೆ ತಲುಪಿಸಿ ತೆರೆಸುವ ಹೊತ್ತಿಗೆ ಅದು ಬಂದೇ ಬರುತ್ತದೆ. ಅತ್ತೆ ಹನ್ನೊಂದನ್ನೂ ದೇವರ ಮನೆಯ ಮುಂದೆ ಚಾಪೆ ಹಾಸಿ ಸಾಲಾಗಿ ಜೋಡಿಸಿದರು. ಒಂದೊಂದಕ್ಕೂ ಒಂದು ಸೇವಂತಿಗೆ. ನನ್ನನ್ನು ಕೂಗಿದರು. ಕೂಗುವುದಕ್ಕೆ ಮೊದಲೇ ನಾನು ಕೈ ತೊಳೆದುಕೊಂಡಿದ್ದೆ, ಅಷ್ಟು ಅನುಭವ.

"ಬರೀ ಆನ್ ಮಾಡಿಕೊಡ್ತೀನಿ ಅತ್ತೆ. ಒಳಗೆ ಹೋಗೋದು ಅವರವರ ಹೆಸರಲ್ಲಿ ಆಗ್ಬೇಕಂತೆ. ಹಾಳೇಲಿ ಬರೆದವಳೆ," ಎಂದೆ.

"ಬಾಗಿಲು ತೆಗೆದು ಹೊಸಿಲ ಮೇಲೆ ನಿಂತ್ಕೊಂಡ್ರೆ ಗೃಹಪ್ರವೇಶ ಆಗತ್ತೇನೇ?" ಅತ್ತೆ ಕೇಳಿದರು. "ಒಳಕ್ಕೂ ನೀನೇ ಹೋಗಮ್ಮ."

"ಅವಳು ಬರೆದವಳೆ ಬಿಡು," ಯಜಮಾನರು ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. "ನೀನೂ ಪಾಲುದಾರಳು, ನಿಂಗೂ ಆಫೀಸಿನ ಐಡಿ ಇದೆ. ನಿನ್ನ ಹೆಸರಲ್ಲಿ ಹೋದ್ರೆ ಕಂಪ್ಯೂಟರಿಗೇನು ಹೊಟ್ಟೆನೋವು ಬರುತ್ತಾ?"

ಹೋದೆ. ಹನ್ನೊಂದು ಸಲ ನನ್ನ ಹೆಸರು ಟೈಪ್ ಮಾಡಿ, ಹನ್ನೊಂದು ಸಲ ಮನೆದೇವರ ಹೆಸರಿನ ಪಾಸ್‌ವರ್ಡ್ ಹಾಕಿ, ಕುಂಕುಮದ ಬೆರಳಲ್ಲೇ ಎಂಟರ್ ಒತ್ತಿದೆ. ಹನ್ನೊಂದರಲ್ಲೂ ಆ ಒಂದು ಕೀಲಿಯ ಮೇಲೆ ಕೆಂಪು ಗುರುತು ಉಳಿಯಿತು. ಯಜಮಾನರು ಪಾಸ್‌ವರ್ಡನ್ನು ಹನ್ನೊಂದು ಚೀಟಿಯಲ್ಲಿ ಬರೆದು ಪರದೆಯ ಕೆಳಗೆ ಅಂಟಿಸಿದರು, ಪಾಪ, ಯಾರಿಗೂ ತೊಂದರೆಯಾಗಬಾರದಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರ್, ನೋಟ್‌ಬುಕ್ಕಿನ ಮೇಲಿನ ಲೇಬಲ್ಲಿನಲ್ಲಿ ಯಾರ ಹೆಸರಿದೆಯೋ ಒಳಗಿನ ಗೀಚಾಟಕ್ಕೆಲ್ಲ ಅವರೇ ಹೊಣೆ ಅನ್ನುತ್ತಿದ್ದರು. ಆ ಮಾತು ನನಗೆ ಆಗ ನೆನಪಾಗಬೇಕಿತ್ತು. ಆಗ ನೆನಪಾದದ್ದು ಒಲೆಯ ಮೇಲಿಟ್ಟ ಹಾಲು.

ಸಂಜೆಗೆ ಚಿಕ್ಕಬಳ್ಳಾಪುರದಲ್ಲಿ ನಾಲ್ಕು, ಚಿಂತಾಮಣಿಯಲ್ಲಿ ಮೂರು, ಶಿಡ್ಲಘಟ್ಟ, ಗೌರಿಬಿದನೂರಿನಲ್ಲಿ ಎರಡೆರಡು, ಹೀಗೆ ನನ್ನ ಸಾಮ್ರಾಜ್ಯ ಹರಡಿತು. ಕವರುಗಳೂ ಜೊತೆಯಲ್ಲೇ ಹೋದವು. ತೆರೆದಿದ್ದ ಕಂಪ್ಯೂಟರಿಗೆ ಕವರು ಯಾಕೆ ಬೇಕು? ಎಲ್ಲರೂ ಅದನ್ನು ಭದ್ರವಾಗಿ ಎತ್ತಿಟ್ಟುಕೊಂಡರು. ಶಿಡ್ಲಘಟ್ಟದಾಕೆ ದೇವರ ಪಟದ ಹಿಂದೆ ಇಟ್ಟಳಂತೆ.

ಅಷ್ಟರಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ಏರಿತು. ಸಸಿ ಕೇಳಿಕೊಂಡು ಬರುವವರ ಸಾಲು ಗೇಟಿನ ಆಚೆಗೂ ನಿಂತಿತು. ಇದು ಕಂಪ್ಯೂಟರನ್ನು ನನ್ನ ಕೈಯಲ್ಲಿ ತೆರೆಸಿದ್ದರ ಫಲ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಇಡೀ ಕೋಲಾರದ ಮಾರುಕಟ್ಟೆಯನ್ನು ಬಲಗೈಯಲ್ಲಿ ನಡೆಸುತ್ತಿದ್ದವಳು ನಾನು, ಆ ವಾರ ಕೊತ್ತಂಬರಿ ಸೊಪ್ಪಿಗೆ ಚೌಕಾಸಿ ಮಾಡಿ ಸೋತು ಬಂದೆ.

ಇತ್ತ ಟ್ರೇ ಆ್ಯಪ್ ಮಾತ್ರ ಯಾವ ಕಂಪ್ಯೂಟರಿಗೂ ಇಳಿಯಲಿಲ್ಲ. ಓರಗಿತ್ತಿ ದಿನವೂ ಬೆಳಿಗ್ಗೆ ನೋಡುತ್ತಿದ್ದಳು. ಇಳಿದದ್ದು ಸೊನ್ನೆ. ಶಾಖೆಗಳಿಗೆ ಫೋನ್ ಮಾಡಿ ಕೇಳಿಕೊಳ್ಳುತ್ತಿದ್ದಳು. ಚಿಂತಾಮಣಿ ಶಾಖೆಯ ಮೇಲ್ವಿಚಾರಕರು ಮಾವನವರ ಕಾಲದಿಂದ ಇರುವ ಹಿರಿಯರು. ನನ್ನನ್ನು ದೊಡ್ಡಮ್ಮೋರು ಎಂದು ಕರೆಯುವ ಅವರ ತೆಲುಗು ಬೆರೆತ ದನಿ ಸ್ಪೀಕರಿನಲ್ಲಿ ಹಿತ್ತಿಲವರೆಗೂ ಬರುತ್ತಿತ್ತು.

"ಅಯ್ಯೋ ವೊದ್ದಮ್ಮಾ, ಬ್ಯಾಡ! ದೊಡ್ಡಮ್ಮೋರು ಒಳ್ಳೇ ಗಳಿಗೇಲಿ ತೆಗೆದುಕೊಟ್ಟವ್ರೆ. ಅದನ್ನ ಮುಚ್ಚಿ ನನ್ನ ಹೆಸರು ಹಾಕ್ಕೊಳ್ಳೋದಾ? ಹಚ್ಚಿದ ದೀಪ ನಾನು ಊದಿ ಆರಿಸ್ಲಾ?"

"ದೀಪ ಅಲ್ಲ ಅಣ್ಣ ಅದು. ಸೈನ್ ಔಟ್ ಅಂತ ಇದೆ, ಅಷ್ಟೇ."

"ಔಟು ಅನ್ನೋ ಮಾತೇ ಬ್ಯಾಡಮ್ಮ, ವ್ಯಾಪಾರ ನಡೀತಾ ಇರೋವಾಗ. ನನ್ನ ಕೈ ಸರಿಯಿಲ್ಲ. ಹೋದ ವರ್ಷ ಮುಟ್ಟಿದ್ದಕ್ಕೇ ಮೋಟ್ರು ಸುಟ್ಟೋಯ್ತು."

ಯಜಮಾನರೂ ಅದನ್ನೇ ಹಿಡಿದರು. ಈ ಹಂಗಾಮು ಮುಗಿಯುವವರೆಗೆ ಆ ಹೆಸರನ್ನು ಅಲ್ಲಾಡಿಸಬೇಡಿ ಎಂದು ನಾಲ್ಕೂ ಕಡೆ ಹೇಳಿಬಿಟ್ಟರು. ಹಾಗೆ ಹೇಳಿದ್ದನ್ನು ಮರೆತವರಂತೆ, ಒಂದು ಗುರುವಾರ ಬೆಳಿಗ್ಗೆ ದೋಸೆಯ ತಟ್ಟೆಯ ಮುಂದೆ ಓರಗಿತ್ತಿಯನ್ನು ಕರೆದರು.

"ಏನಮ್ಮ ನಿಂದು? ಮೂರು ವಾರ ಆಯ್ತು. ಮಂಗಳವಾರ ಹೊಸ ಬಿತ್ತನೆ. ಅದಕ್ಕೆ ಮುಂಚೆ ಆಗ್ಬೇಕು."

"ಆಗತ್ತೆ ಭಾವ. ಅವರವರ ಹೆಸರಲ್ಲಿ..."

"ಅವರವರ ಹೆಸರು, ಅವರವರ ಹೆಸರು! ಆಗ್ದಿದ್ರೆ ಎಲ್ಲಾದನ್ನೂ ನಿಮ್ಮಕ್ಕನ ಹೆಸರಿಗೇ ಕಳ್ಸು ಅಂದ್ನಲ್ಲ. ಅದೂ ಮಾಡಲ್ಲ ಅಂತೀಯ." ಚಟ್ನಿ ಬಡಿಸಿಕೊಂಡರು. "ನೋಡು, ಸೋಮವಾರ ನಾಲ್ಕು ಗಂಟೆಗೆ ಬೆಂಗಳೂರಿನ ಏಜೆನ್ಸಿಯೋನು ಬರ್ತಾನೆ. ಅಷ್ಟರೊಳಗೆ ಆದ್ರೆ ಸರಿ. ಇಲ್ಲಾಂದ್ರೆ ಅವನಿಗೆ ವಹಿಸಿಬಿಡ್ತೀನಿ. ನೀನು ಮನೇಲಿ ಅಕ್ಕಂಗೆ ಜೊತೆಯಾಗಿರು, ಅವಳಿಗೂ ಒಬ್ಬಳೇ ಬೇಜಾರು."

ನನಗೆ ಬೇಜಾರು ಎಂದು ಯಜಮಾನರಿಗೆ ಗೊತ್ತಿತ್ತು ಎಂಬುದು ನನಗೆ ಗೊತ್ತಾದದ್ದು ಆಗಲೇ. ಅದಕ್ಕೆ ಅವರು ಕಂಡುಕೊಂಡಿದ್ದ ಔಷಧ ಇನ್ನೊಬ್ಬಳನ್ನೂ ಅಡುಗೆಮನೆಗೆ ತಳ್ಳುವುದು. ಮೈದುನ ದೋಸೆಯ ತೂತುಗಳನ್ನು ಎಣಿಸುವವನಂತೆ ತಟ್ಟೆ ನೋಡುತ್ತಿದ್ದ.

ಅವತ್ತು ಹನ್ನೊಂದು ಗಂಟೆಗೆ ಅವರೆಕಾಳು ಉಪ್ಪಿಟ್ಟು ತೆಗೆದುಕೊಂಡು ಅವಳ ಕೋಣೆಗೆ ಹೋದೆ. ಕುರ್ಚಿ ಚರಚರ ಅನ್ನುತ್ತಿರಲಿಲ್ಲ. ಅಲ್ಲಾಡದೆ ಕೂತಿದ್ದಳು. ಪರದೆಯ ಮೇಲೆ ಒಂದು ಪಟ್ಟಿ. ಒಂದೊಂದು ಸಾಲಿನಲ್ಲೂ ಒಂದೊಂದು ಊರು, ಊರಿನ ಮುಂದೆ ನನ್ನ ಹೆಸರು. ಹನ್ನೊಂದು ಸಲ. ಮದುವೆ ಕರೆಯೋಲೆಯಲ್ಲೂ ನನ್ನ ಹೆಸರನ್ನು ಒಂದೇ ಸಲ ಹಾಕಿಸಿದ್ದರು.

"ಇದೇನೇ ಇದು?"

ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದಳು. "ಏನಿಲ್ಲ ಅಕ್ಕ."

"ಇಂಗ್ಲಿಷ್ ಓದೋಕೆ ಬರತ್ತೆ ಕಣೇ ನಂಗೆ. ಅಷ್ಟು ಮಟ್ಟಿಗೆ ನಮ್ಮಪ್ಪ ಫೀಸು ಕಟ್ಟಿದ್ರು."

ಮತ್ತೆ ತೆರೆದಳು. ಕೆಳಗೆ ಇನ್ನೊಂದು ಪಟ್ಟಿ, ಕೆಲಸದವರ ಹನ್ನೊಂದು ಹೆಸರು. ಎಲ್ಲರ ಮುಂದೆಯೂ ಒಂದೇ ಮಾತು, ಇವರು ಇನ್ನೂ ಒಳಗೆ ಬಂದಿಲ್ಲ, ಕಾಯುತ್ತಿದ್ದೇವೆ ಎಂದು. ಅರ್ಥವಾಯಿತು. ಕ್ಲೌಡ್‌ನ ಪ್ರಕಾರ ನಮ್ಮ ನರ್ಸರಿಯಲ್ಲಿ ಒಬ್ಬರೂ ಕೆಲಸಕ್ಕೆ ಬಂದಿರಲಿಲ್ಲ. ಬಂದಿದ್ದವಳು ನಾನೊಬ್ಬಳೇ.

"ನಿಮ್ಮ ಭಾವ ಹೇಳಿದಂಗೆ ನನ್ನ ಹೆಸರಿಗೇ ಕಳಿಸಿಬಿಡೇ. ನಿನ್ನ ಕುರ್ಚಿ ಉಳಿಯತ್ತೆ."

"ಕಳ್ಸಿದ್ರೆ ಇವತ್ತೇ ಇಳಿಯತ್ತೆ ಅಕ್ಕ. ಆಮೇಲೆ ಯಾರು ಯಾವ ಟ್ರೇ ತುಂಬಿಸಿದ್ರೂ ನಿಮ್ಮ ಹೆಸರೇ ಬೀಳತ್ತೆ. ನಾಳೆ ಇನ್ನೊಂದು ಹೂಕೋಸು ಬಂದ್ರೆ ಹಾಕಿಸಿದ್ದು ಯಾರು? ನೀವು. ಗೌರಿಬಿದನೂರಲ್ಲಿ ತಪ್ಪಿದ್ರೂ ನೀವು, ಚಿಂತಾಮಣೀಲಿ ತಪ್ಪಿದ್ರೂ ನೀವು. ನನ್ನ ಕುರ್ಚಿಗೋಸ್ಕರ ನಿಮ್ಮ ತಲೆ ಮೇಲೆ ಹಾಕ್ಲಾ?"

"ಹಂಗಾದ್ರೆ ವಿಷಯ ಏನು ಅಂತ ಅತ್ತೆ ಹತ್ರ ಬಿಡಿಸಿ ಹೇಳು."

"ಏನಂತ ಹೇಳ್ಲಿ?" ಅವಳ ಕಣ್ಣು ತುಂಬಿತು, ಆದರೆ ನಗಲು ನೋಡಿದಳು. "ಅಕ್ಕ ಕೈಯಿಟ್ಟಿದ್ದಕ್ಕೇ ಕೆಲಸ ಕೆಟ್ಟಿದೆ ಅಂತ ನನ್ನ ಬಾಯಲ್ಲಿ ಹೇಳಿಸ್ತೀರಾ?"

ಉಪ್ಪಿಟ್ಟು ಆರಿತು. ಅವಳ ಮೇಜಿನ ಅಂಚಿನಲ್ಲಿ ಒಂದು ಬಟ್ಟೆಯ ಚೂರು ಇತ್ತು, ನಡುವೆ ಕುಂಕುಮದ ಕೆಂಪು. ಶಾಖೆಗಳಿಗೆ ಹೋದಾಗಲೆಲ್ಲ ಆ ಎಂಟರ್ ಕೀಲಿಗಳನ್ನು ಒರೆಸಿ ಬಂದಿದ್ದಳು, ನನ್ನ ಕೈಯನ್ನೂ ಕೆಟ್ಟ ಕೆಲಸವನ್ನೂ ಯಾರೂ ಕೂಡಿಸಿ ನೋಡದಿರಲಿ ಎಂದು. ಆ ಮನೆಯಲ್ಲಿ ನನ್ನ ಹೆಸರಿಗಿದ್ದ ಒಂದೇ ಆಸ್ತಿ ಆ ಕೈಗುಣ. ಅದನ್ನು ಅವಳು ತನ್ನ ಕುರ್ಚಿ ಕೊಟ್ಟು ಕಾಯುತ್ತಿದ್ದಳು.

ಭಾನುವಾರ ಮಧ್ಯಾಹ್ನ ಮುದ್ದೆ, ಹಿದುಕಿದ ಬೇಳೆ ಸಾರು ಮಾಡಿದೆ. ಎಂದಿಗಿಂತ ಒಂದೊಂದು ಸೌಟು ಹೆಚ್ಚು ಬಡಿಸಿದೆ. ಎರಡೂವರೆಯ ಹೊತ್ತಿಗೆ ಇಡೀ ಮನೆ ಗೊರಕೆ ಹೊಡೆಯುತ್ತಿತ್ತು. ನಾನು ಹಿತ್ತಿಲ ಕಟ್ಟೆಯ ಮೇಲೆ ಫೋನ್ ಹಿಡಿದು ಕೂತು, ಕನ್ನಡಕ ಏರಿಸಿ, ನನ್ನ ಆಫೀಸಿನ ಐಡಿಯ ಪುಟ ತೆರೆದೆ. ಪಾಸ್‌ವರ್ಡ್ ಬದಲಿಸಿ ಎಂಬ ಸಾಲು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಅದರ ಮೇಲೆ ಬೆರಳಿಟ್ಟೆ. ಹೊಸದು ಕೊಡಿ ಅಂದಿತು. ಮನೆದೇವರನ್ನೇ ಮತ್ತೆ ಕೊಟ್ಟೆ, ಹಳೆಯದು ನಡೆಯದು ಅಂದಿತು. ನನ್ನ ಹೆಸರು ಕೊಟ್ಟೆ, ತೀರಾ ಸುಲಭ, ಯಾರು ಬೇಕಾದರೂ ಊಹಿಸುತ್ತಾರೆ ಅಂದಿತು. ಅದು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಗ ಆರನೇ ಕ್ಲಾಸು ನೆನಪಾಯಿತು. ತರಗತಿಯಲ್ಲಿ ಕನ್ನಡ ಮಾತಾಡಿದ್ದಕ್ಕೆ ಸಿಸ್ಟರ್ ನನ್ನಿಂದ ಒಂದು ಇಂಗ್ಲಿಷ್ ವಾಕ್ಯವನ್ನು ನೂರು ಸಲ ಬರೆಸಿದ್ದರು. ಅಷ್ಟು ಉದ್ದದ್ದು, ಅಷ್ಟು ಬೇಸರದ್ದು ಬೇರೆ ಯಾರಿಗೂ ಹೊಳೆಯುವುದಿಲ್ಲ. ಹೊಸ ಪಾಸ್‌ವರ್ಡ್ ಅದರಿಂದ ಹುಟ್ಟಿತು. ಇಷ್ಟೇ ಹೇಳುತ್ತೇನೆ. ಬಲವಾಗಿದೆ ಎಂದು ಪರದೆ ಹಸಿರು ಗೆರೆ ತೋರಿಸಿತು. ಓರಗಿತ್ತಿಗೆ ಹೇಳಲಿಲ್ಲ. ನಾಳೆ ಯಾರಾದರೂ ಕೇಳಿದರೆ, ನನಗೆ ಗೊತ್ತಿಲ್ಲ ಎಂಬ ಮಾತನ್ನು ಅವಳು ನಿಜವಾಗಿಯೇ ಆಡಲಿ.

ಸೋಮವಾರ ಒಂಬತ್ತೂವರೆಗೆ ನಾಲ್ಕು ಊರಿನ ನಾನು ಕೆಲಸಕ್ಕೆ ಬರಲಿಲ್ಲ.

ಮೊದಲ ಫೋನು ಗೌರಿಬಿದನೂರಿನಿಂದ. ಆಮೇಲೆ ಶಿಡ್ಲಘಟ್ಟದಾಕೆ, "ಸರ್, ಅಕ್ಕೋರು ಒಳಗೆ ಬಿಡ್ತಾ ಇಲ್ಲ" ಎಂದು ಗಾಬರಿಯಲ್ಲಿ. ಯಜಮಾನರು ಬನಿಯನ್ನಿನಲ್ಲಿ, ಅರ್ಧ ಗಡ್ಡ ಹೆರೆದು, ಇನ್ನರ್ಧಕ್ಕೆ ನೊರೆ ಹಚ್ಚಿಕೊಂಡೇ ಹಜಾರಕ್ಕೆ ಬಂದರು. ಓರಗಿತ್ತಿ ಬಾಗಿಲಲ್ಲಿ ನಿಂತಿದ್ದಳು.

"ಏನಮ್ಮ ಮಾಡ್ದೆ? ಏನು ಮುಟ್ದೆ?"

"ನನಗೆ ಗೊತ್ತಿಲ್ಲ ಭಾವ."

"ಅವಳಲ್ಲ ರೀ. ನಾನು," ಅಂದೆ. "ಪಾಸ್‌ವರ್ಡ್ ಬದಲಾಯಿಸಿದೆ."

ಯಜಮಾನರ ಕೆನ್ನೆಯಿಂದ ನೊರೆಯ ಒಂದು ಹನಿ ನೆಲಕ್ಕೆ ಬಿತ್ತು. ಅದನ್ನು ಒರೆಸಬೇಕು ಎಂದು ನನಗೆ ಅನ್ನಿಸಿತು, ಒರೆಸಲಿಲ್ಲ.

"ಯಾಕೆ?"

"ನನ್ನದು, ಅದಕ್ಕೆ."

ಅತ್ತೆ ದೇವರ ಮನೆಯಿಂದ ಎದ್ದು ಬಂದರು. "ಏನೇ ಇದು? ನೀನೇ ಕೈಯಾರೆ ತೆಗೆದುಕೊಟ್ಟು, ನೀನೇ ಮುಚ್ಚೋದಾ?"

ಮೂರು ದಿನದಿಂದ ಅವರೆಕಾಳಿನ ಜೊತೆ ಅಭ್ಯಾಸ ಮಾಡಿಕೊಂಡಿದ್ದೆ. "ಅತ್ತೆ, ಮೊದಲ್ನೇ ಗುಳಿಗೆ ಬೀಜ ನಾನು ಹಾಕ್ತೀನಿ. ಆಮೇಲೆ ಏನು ಮಾಡ್ತೀನಿ?"

"ಏನು ಮಾಡ್ತೀಯ, ಒಳಗೆ ಹೋಗ್ತೀಯ. ಮಿಕ್ಕಿದ್ದು ಆಳುಗಳು ಹಾಕ್ತಾರೆ."

"ಹಾಕೋವಾಗೆಲ್ಲ ನನ್ನ ಕೈಯನ್ನೇ ಹಿಡ್ಕೊಂಡು ಹಾಕಿದ್ರೆ?"

"ಹುಚ್ಚು! ಒಂದು ಟ್ರೇನೂ ಆಗಲ್ಲ ದಿನಕ್ಕೆ."

"ಅದೇ ಆಗಿರೋದು. ನಾಲ್ಕೂ ಊರಲ್ಲಿ ಮೂರು ವಾರದಿಂದ ನನ್ನ ಕೈ ಹಿಡ್ಕೊಂಡೇ ಕೂತವ್ರೆ. ಅದಕ್ಕೇ ಆ್ಯಪ್ ಬಂದಿಲ್ಲ. ಇವಳ ತಪ್ಪಲ್ಲ. ಹಾಳೇಲಿ ಬರೆದಿಟ್ಟು ಹೋಗಿದ್ಲು. ನಿಮ್ಮ ಮಗ ಅದನ್ನ ಜೇಬಲ್ಲಿಟ್ಕೊಂಡ್ರು. ನಾನು ಹನ್ನೊಂದು ಸಲ ಎಂಟರ್ ಒತ್ತಿದೆ. ಕೆಟ್ಟಿದ್ದು ನನ್ನ ಕೈಯಿಂದ ಅಂತಲೇ ಇಟ್ಕೊಳ್ಳಿ."

ಅತ್ತೆ ನನ್ನ ಬಲಗೈಯನ್ನು ನೋಡಿದರು, ಫ್ರಿಜ್ಜು ಮೊದಲ ಸಲ ಕೆಟ್ಟಾಗ ಅದನ್ನು ನೋಡಿದ ಹಾಗೆ. ಕೊನೆಗೆ ಕೇಳಿದ್ದು ಒಂದೇ.

"ಬದಲಾಯಿಸಿದ್ದು ಯಾವಾಗ?"

"ನಿನ್ನೆ ಎರಡೂವರೆಗೆ."

ಬೆರಳು ಮಡಿಸಿ ಲೆಕ್ಕ ಹಾಕಿದರು. ಭಾನುವಾರದ ರಾಹುಕಾಲ ನಾಲ್ಕೂವರೆಗೆ. "ಸದ್ಯ," ಎಂದು ವಾಪಸು ಪೂಜೆಗೆ ಹೋದರು. ಅದು ಒಪ್ಪಿಗೆಯೆಂದು ಎಲ್ಲರೂ ತಿಳಿದೆವು.

ಕವರುಗಳು ಹೊರಬಂದವು. ದೇವರ ಪಟದ ಹಿಂದಿನದು ಮೊದಲು ತೆರೆಯಿತು. ಹತ್ತೂವರೆಗೆ ಶಿಡ್ಲಘಟ್ಟದಾಕೆ ತನ್ನದೇ ಹೆಸರಿನಲ್ಲಿ ಒಳಗೆ ಬಂದಳು. ಓರಗಿತ್ತಿಯ ಪರದೆಯಲ್ಲಿ ಆಕೆಯ ಹೆಸರಿನ ಮುಂದಿದ್ದ, ಕಾಯುತ್ತಿದ್ದೇವೆ ಎಂಬ ಮಾತು ಬದಲಾಯಿತು. ಅರ್ಧ ಗಂಟೆಯ ಮೇಲೆ ಒಂದು ಹಸಿರು ಚುಕ್ಕೆ. ಹರಳೆಣ್ಣೆ ಇಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ಏಳು ಚುಕ್ಕೆ, ಎರಡು ಗಂಟೆಗೆ ಹತ್ತು. ನಾನು ಕೂತು ನೋಡಿದೆ, ಸಾರಿಗೆ ಉಪ್ಪು ಹಾಕುವುದನ್ನೂ ಮರೆತು. ಉಳಿದದ್ದು ಚಿಂತಾಮಣಿಯ ಹಿರಿಯರು ಒಬ್ಬರೇ.

"ದೊಡ್ಡಮ್ಮೋರೇ ಹೊಸ ಪಾಸ್‌ವರ್ಡ್ ಕೊಡ್ತಾರಂತೆ ಅಂತ ಕಾಯ್ತಾ ಇವ್ನಿ," ಎಂದರು ಫೋನಿನಲ್ಲಿ.

"ಕೊಡಲ್ಲಂತೆ ಅಣ್ಣ. ನಿಮ್ಮ ಕವರ್ ಎಲ್ಲಿದೆ?"

"ಇದೆ ಇಲ್ಲೇ. ಕಾಫಿ ಚೆಲ್ಲಿಬಿಟ್ಟಿದೆ, ಅಕ್ಷರ ಹರಡ್ಕೊಂಡವೆ."

"ನಾನು ಓದಿ ಹೇಳ್ತೀನಿ, ನನ್ನ ಹತ್ರ ಬರೆದಿದೆ. ಒತ್ಕೊಂಡು ಹೋಗಿ."

"ಅಟ್ಲ ಕಾದಮ್ಮ... ಹಂಗಲ್ಲ. ನನ್ನ ಕೈ..."

ಓರಗಿತ್ತಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಹೊದಿಕೆ ಚರಕ್ ಅಂದಿತು. "ಅಣ್ಣ, ಮಾವನೋರ ಕಾಲದಿಂದ ಎಷ್ಟು ಲಕ್ಷ ಸಸಿ ಮಾಡಿದೀರೋ. ಒಂದು ಕಡೆನಾದ್ರೂ ನಿಮ್ಮ ಹೆಸರಿದೆಯಾ? ಇವತ್ತು ಬರ್ಕೊಳ್ತೀನಿ ಅಂತ ಒಂದು ಮಿಷಿನ್ನು ಕೇಳ್ಕೊಂಡು ಕೂತಿದೆ. ಆಗಲ್ಲ ಅನ್ನಿ, ಬಿಟ್ಬಿಡ್ತೀನಿ."

ಆ ಕಡೆ ಯಾರೋ ನೀರಿನ ಪೈಪು ನಿಲ್ಲಿಸಿದ ಸದ್ದು. ಆಮೇಲೆ, "ಹೇಳಮ್ಮ. ಮೊದಲ್ನೇ ಅಕ್ಷರ ಯಾವ್ದು?"

ನಾಲ್ಕಕ್ಕೆ ಐದು ನಿಮಿಷ ಇರುವಾಗ ಹನ್ನೊಂದನೆಯ ಚುಕ್ಕೆ ಹಸಿರಾಯಿತು. ಏಜೆನ್ಸಿಯವನು ನಾಲ್ಕೂಕಾಲಿಗೆ ಬಂದ. ಪರದೆ ನೋಡಿ, ಇದನ್ನು ಮಾಡಿದವರು ಯಾರು ಎಂದ. ನಮ್ಮ ಯಜಮಾನರು ಕ್ಷಣವೂ ತಡೆಯದೆ, "ನಮ್ಮ ಮನೆ ಹುಡುಗೀನೇ ಸಾರ್, ನಾನೇ ಬಿಟ್ಟಿದ್ದೆ ಮಾಡ್ಲಿ ಅಂತ," ಎಂದರು. ಆ ಹೊತ್ತಿಗೆ ಅವರ ಎರಡು ಕೆನ್ನೆಯೂ ನುಣ್ಣಗಿದ್ದವು. ಅವನು ಎರಡು ಲೋಟ ಕಾಫಿ, ಒಂದು ತಟ್ಟೆ ಕೋಡುಬಳೆ ಮುಗಿಸಿ, ತನ್ನ ಕೆಲಸವೇನೂ ಇಲ್ಲಿಲ್ಲ ಎಂದು ಹೊರಟ.

ಮಂಗಳವಾರ ಬಿತ್ತನೆ. ಅತ್ತೆ ಸ್ವಲ್ಪ ಯೋಚಿಸಿ, ಕೊನೆಗೆ ನನ್ನನ್ನೇ ಕೂಗಿದರು. ಮೊದಲ ಗುಳಿಗೆ ಬೀಜ ಹಾಕಿದೆ, ಹಾಕಿ ಒಳಗೆ ಬಂದೆ. ಅದು ನನ್ನ ಹೆಸರಿನಲ್ಲಿ ಎಲ್ಲೂ ದಾಖಲಾಗಿಲ್ಲ.

ಎರಡು ವಾರದ ಮೇಲೆ ಚಿಂತಾಮಣಿಯಲ್ಲಿ ಬದನೆಯ ಟ್ರೇಗೆ ಟೊಮೆಟೊ ಚೀಟಿ ಬಿದ್ದದ್ದು ಸಿಕ್ಕಿತು. ಗೇಟು ದಾಟುವ ಮೊದಲೇ ಸಿಕ್ಕಿತು, ಹಾಕಿಸಿದವರ ಹೆಸರಿನ ಸಮೇತ. ಹೆಸರು ಹಿರಿಯರದೇ. ಅವರು ಫೋನ್ ಮಾಡಿ ನನ್ನನ್ನೇ ಕೇಳಿದರು.

"ದೊಡ್ಡಮ್ಮೋರೇ, ಏನಿಲ್ಲ, ನಿಮ್ಮ ಹೆಸರು ಇದ್ದಿದ್ರೇ ಚೆನ್ನಾಗಿತ್ತು ಅಲ್ವಾ?"

"ಯಾಕಣ್ಣ?"

"ನಿಮ್ಮನ್ನ ಯಾರೂ ಕೇಳ್ತಿರ್ಲಿಲ್ಲ ನೋಡಿ."

ಮೂರು ವಾರ ನಾಲ್ಕೂ ಊರಿನಲ್ಲಿ ನನ್ನ ಕೈಗಿದ್ದ ಭಕ್ತಿಯ ಅರ್ಥ ಅಷ್ಟು ಚೆನ್ನಾಗಿ ಬೇರೆ ಯಾರೂ ಹೇಳಿರಲಿಲ್ಲ. ನಾನು ನಗುತ್ತಾ ಫೋನಿಟ್ಟೆ. ಅತ್ತೆ ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಾಲ ಮುಗಿಯುತ್ತಾ ಬಂದಿತ್ತು, ಕಾಯಿಗೆ ಸೊಗಡು ಉಳಿದಿರಲಿಲ್ಲ.

"ಆ ಪಾಸ್‌ವರ್ಡು," ತಲೆಯೆತ್ತದೆ ಕೇಳಿದರು, ದಿನಕ್ಕೊಂದು ಸಲ ಕೇಳುವಂತೆ. "ಏನಂತ ಇಟ್ಟಿದೀಯ?"

"ನೂರು ಸಲ ಬರೆದ್ರೆ ಗೊತ್ತಾಗತ್ತೆ ಅತ್ತೆ."

"ಮಾತು ನೋಡು ಇವಳದ್ದು," ಎಂದು ಒಂದು ಹುಳುಕು ಕಾಯಿಯನ್ನು ನನ್ನ ಕಡೆಯ ಮೊರಕ್ಕೆ ಎಸೆದರು.

ಮುಂದಿನ ಕೋಣೆಯಲ್ಲಿ ಓರಗಿತ್ತಿ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಾ ಕುರ್ಚಿ ತಿರುಗಿಸುತ್ತಿದ್ದಳು. ಸದ್ದೇ ಇರಲಿಲ್ಲ. ಕುರ್ಚಿಯ ಪ್ಲಾಸ್ಟಿಕ್ಕನ್ನು ಅತ್ತೆ ಎರಡು ದಿನದ ಹಿಂದೆಯೇ ಬಿಚ್ಚಿಸಿ, ತೊಳೆದು, ಒಣಗಿಸಿ, ಅದರಲ್ಲಿ ಹಪ್ಪಳ ಕಟ್ಟಿಟ್ಟಿದ್ದರು.